ಅಕ್ಕನಿಗೆ ಬರೆದುಕೊಟ್ಟ ಅಧಿಕಾರ

ಸಿರುಗುಪ್ಪದ ಬಸ್ಸಿನಿಂದ ಇಳಿಯುವಾಗ ಎದೆ ಹಿಡಿದುಕೊಂಡು ಕುಸಿದೆ. ಆವತ್ತಿನಿಂದ ಮೆಟ್ಟಿಲನ್ನೂ ನೋಡಿ ಇಳಿಯುತ್ತೇನೆ, ಮಾತನ್ನೂ ನೋಡಿ ಆಡುತ್ತೇನೆ. ಆಪರೇಷನ್ ಆಗಬೇಕು, ಆಮೇಲೆ ಕೆಲವು ತಿಂಗಳು ಓಡಾಡುವಂತಿಲ್ಲ ಎಂದರು ಡಾಕ್ಟರು. ಕರೂರಿನ ಗದ್ದೆಯ ಗುತ್ತಿಗೆ, ಬ್ಯಾಂಕಿನ ಕೆಲಸ, ಇವನ್ನು ನನ್ನ ಪರವಾಗಿ ಯಾರಾದರೂ ನೋಡಿಕೊಳ್ಳಬೇಕಿತ್ತು.

"ನನಗ ಭತ್ತ ಅನ್ನ ಆದಮ್ಯಾಲಷ್ಟ ಗೊತ್ತು. ನಿಮ್ಮ ಅಕ್ಕಾರಿಗೆ ಪವರ್ ಆಫ್ ಅಟಾರ್ನಿ ಬರಕೊಡ್ರಿ," ಎಂದಳು ಹೆಂಡತಿ. ಅಕ್ಕ ಇರುವುದು ಕರೂರಿನ ಕಡೆಯೇ, ಸಿರುಗುಪ್ಪದಲ್ಲಿ. ಕಾಲುವೆಗೆ ನೀರು ಯಾವಾಗ ಬರುತ್ತದೆ, ಮಿಲ್ಲಿನವರ ಮಾತನ್ನು ಎಷ್ಟು ನಂಬಬೇಕು, ಎಲ್ಲವನ್ನೂ ಬಲ್ಲವಳು.

ಫೋನಿನಲ್ಲಿ "ಆತು, ಬರ್ತೀನಿ" ಎಂದವಳು, ಗಾಂಧಿನಗರದ ನಮ್ಮ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಲೇ ತಮ್ಮಾ, ಭೂಮಿ ನನ್ನ ಹೆಸರಿಗೆ ಮಾಡಿ ಕೈ ತೊಳಕೋಬೇಕಂತ ಮಾಡೀಯೇನು? ನನಗ ಭಾಗ ಬ್ಯಾಡ. ಪಂಚಮಿಗೆ ಕರದು ಉಡಿ ತುಂಬಿದ್ರ ಸಾಕು."

ನಮ್ಮ ಕಡೆ ಕೆಲವು ಮನೆಗಳಲ್ಲಿ, ಭಾಗ ತೆಗೆದುಕೊಂಡ ಹೆಣ್ಣುಮಕ್ಕಳನ್ನು ಹಬ್ಬಕ್ಕೆ ಕರೆಯುವುದು ನಿಂತುಹೋಗುತ್ತದೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕುವ ಆ ಉಡಿ ನಿಂತರೆ ತವರೇ ನಿಂತಂತೆ. ಬಸ್ಸಿನಲ್ಲಿ ಅಕ್ಕ ಅದನ್ನೇ ಯೋಚಿಸುತ್ತ ಬಂದಿದ್ದಳು.

"ಭೂಮಿ ನಂದ ಇರತೈತಿ ಅಕ್ಕಾ. ನಾ ಎದ್ದು ಓಡಾಡೋ ಮಟ ನೀ ನೋಡ್ಕೋಬೇಕು, ಅಷ್ಟ. ಆಮ್ಯಾಲ ರದ್ದು ಮಾಡಬಹುದು."

ಅವಳು ನಂಬಲಿಲ್ಲ. ಪತ್ರ ಬರೆಯುವವನ ಅಂಗಡಿಯಲ್ಲಿ ಕರಡನ್ನು ಗಟ್ಟಿಯಾಗಿ ಓದಿಸಿದಳು. ಮಾರುವ, ಅಡವಿಡುವ ಅಧಿಕಾರದ ಸಾಲು ಬಂದಾಗ ಕೈ ಅಡ್ಡ ಹಿಡಿದಳು.

"ಅದನ್ನ ತಗೀರಿ."

"ಎಲ್ಲಾರ ಪತ್ರದಾಗೂ ಹಾಕ್ತೀವ್ರಿ ಅಮ್ಮಾ," ಎಂದ ಆತ.

"ಎಲ್ಲಾರ ತಮ್ಮ ಅಲ್ಲ ಇವ. ಗುತ್ತಿಗಿ ಕೊಡೋದು, ಬ್ಯಾಂಕಿಗಿ ಹೋಗೋದು, ಇಷ್ಟ ಇರಲಿ."

ಆತ ನಗುತ್ತ ಮತ್ತೆ ಟೈಪ್ ಮಾಡಿದ. ನೋಂದಣಿ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿದೆವು.

ಬರುವಾಗ ಮಿರ್ಚಿ ಕರಿಯುವ ಬಂಡಿಯ ಮುಂದೆ ನನ್ನ ಕಾಲು ನಿಧಾನವಾಯಿತು.

"ನಡಿ. ಈಗ ನಿನ್ನ ಪರವಾಗಿ ತೀರ್ಮಾನ ಮಾಡಾಕಿ ನಾನು."

"ಮಿರ್ಚಿ ಪತ್ರದಾಗ ಇಲ್ಲಲ್ಲ ಅಕ್ಕಾ."

"ಹಂಗಾರ ವಾಪಸ್ ನಡಿ, ಅದನ್ನೂ ಬರಸೋಣ."

ಮನೆಯಲ್ಲಿ ಹೆಂಡತಿ ಅಕ್ಕಿ, ಕೊಬ್ಬರಿಯ ತಟ್ಟೆ ತುಂಬಿಸಿಟ್ಟಿದ್ದಳು. "ಪಂಚಮಿಗಿ ಮತ್ತ ಬರಬೇಕ್ರಿ ಅಕ್ಕಾರ," ಎನ್ನುತ್ತ ಉಡಿ ತುಂಬಿದಳು. ಚಪ್ಪಲಿ ಹೊರಗೆ ಬಿಟ್ಟುಬಂದ ಅಕ್ಕ, ಸೆರಗಿನಲ್ಲಿ ಅಕ್ಕಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

"ಕರೂರಿಗಿ ಫೋನ್ ಹಚ್ಚು. ಈ ಸಲ ಗುತ್ತಿಗಿ ಮಾತು ನಾ ಆಡತೀನಿ."