ಮಾವನ ಮಿಷನ್ನಿನ ಕೂಗು

ನಮ್ಮ ಕಡೆ ಚೈನ್‌ಸಾ ಎಂದರೆ ಕೆಲವರಿಗೆ ತಿಳಿಯುವುದಿಲ್ಲ. ಮರ ಕುಯ್ಯುವ ಮಿಷನ್ ಎನ್ನಬೇಕು. ಬರೇ ಮಿಷನ್ ಎಂದರೂ ನಡೆಯುತ್ತದೆ. ವಿರಾಜಪೇಟೆಯ ನನ್ನ ಮನೆ ಹಿಂದಿನ ಶೆಡ್ಡಿನ ತುಂಬ ಅವೇ; ಹುಡುಕಿ ತಂದು ರಿಪೇರಿ ಮಾಡಿ ಇಟ್ಟುಕೊಳ್ಳುವುದು ನನ್ನ ಹುಚ್ಚು. ಎಲ್ಲ ಹಳೆಯವು, ಭಾರದವು, ಬಾಯಿಬಡುಕ ಜಾತಿಯವು. ಹೆಸರಿನ ಪಟ್ಟಿ ಉದುರಿ, ಬಣ್ಣ ಹೋಗಿ ಬಂದ ಮಿಷನ್ನನ್ನೂ ಹಿಡಿಯ ಬಾಗು, ಹಗ್ಗ ಎಳೆಯುವ ಕಡೆ, ಲೋಹದಲ್ಲಿ ಉಬ್ಬಿದ ಅಂಕಿ ನೋಡಿ ಇದು ಇಂಥ ಕಂಪೆನಿಯದು, ಇಂಥ ಕಾಲದ್ದು ಎಂದು ಹೇಳಿಬಿಡುತ್ತಿದ್ದೆ. ಈ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. ಅದನ್ನು ಇಳಿಸಿದವರು ನನ್ನ ಸೋದರತ್ತೆ.

ಅತ್ತೆಯ ಮನೆ ಸೋಮವಾರಪೇಟೆ ಕಡೆ. ಮಾವ ಸುತ್ತಲಿನ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆ ಇಳಿಸುವ ಕೆಲಸ ಹಿಡಿಯುತ್ತಿದ್ದರು. ಎದುರಿನ ಗುಡ್ಡದಲ್ಲಿ ಅವರ ಮಿಷನ್ ಕೂಗಿದರೆ ಅಂಗಳಕ್ಕೆ ಕೇಳುತ್ತಿತ್ತು. ಕೂಗುತ್ತಿದೆ ಎಂದರೆ ಗಂಡ ನೆಟ್ಟಗಿದ್ದಾನೆ ಎಂದೇ ಲೆಕ್ಕ. ನಿಂತು ಹೊತ್ತಾಯಿತೋ, ಅತ್ತೆ ಕೈಲಿದ್ದ ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲುವರು. ಮತ್ತೆ ಕೂಗಿದ ಮೇಲೇ ಒಳಗೆ ಹೋಗುವರು. ಮರದಿಂದ ಮಾವನಿಗೆ ಏನೂ ಆಗಲಿಲ್ಲ. ಕೊನೆಗೆ ಅವರನ್ನು ಕರೆದುಕೊಂಡು ಹೋದದ್ದು ಕಾಮಾಲೆ.

ಅವರು ಹೋಗಿ ಎಷ್ಟೋ ವರ್ಷದ ಮೇಲೆ, ಮೊನ್ನೆ ಮೊನ್ನೆ, ಅತ್ತೆ ಆ ಮಿಷನ್ನನ್ನು ಅಟ್ಟದಿಂದ ಇಳಿಸಿ ಗೋಣಿಯಲ್ಲಿ ಸುತ್ತಿ ನನ್ನ ಜೀಪಿಗೆ ಹಾಕಿಸಿದರು.

"ಇನ್ನೊಂದ್ಸಲ ಅದರ ಕೂಗು ಕೇಳ್ಬೇಕು ಕಣೋ. ಬಣ್ಣ ಗಿಣ್ಣ ಏನೂ ಬ್ಯಾಡ. ಕೂಗ್ಸಿದ್ರೆ ಸಾಕು," ಎಂದರು.

ನಾನು ಕೇಳಬೇಕಲ್ಲ! ಬಿಚ್ಚಿ ಹರಡಿದೆ. ಕಾರ್ಬುರೇಟರಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಪಿಸ್ಟನ್ ಕಚ್ಚಿಕೊಂಡಿತ್ತು. ಸೈಲೆನ್ಸರ್ ಅಂತೂ ಉದ್ದಕ್ಕೆ ಸೀಳಿಹೋಗಿ, ಮಾವ ಅದಕ್ಕೆ ಎಣ್ಣೆ ಡಬ್ಬದ ತಗಡು ಸುತ್ತಿ ತಂತಿ ಬಿಗಿದಿದ್ದರು. ನೋಡಿ ನಗು ಬಂತು. ಕಿತ್ತು ಗುಜರಿ ರಾಶಿಗೆ ಎಸೆದೆ. ಅದೇ ಕಾಲದ, ಯಾರೂ ಬಳಸದೆ ಉಳಿದಿದ್ದ ಸೈಲೆನ್ಸರ್ ಒಂದನ್ನು ಕೊಯಮತ್ತೂರಿನಿಂದ ತರಿಸಿದೆ. ಬೇಡವೆಂದ ಬಣ್ಣವನ್ನೂ ಹೊಡೆದೆ. ಕೊನೆಗೆ ಹಗ್ಗ ಎಳೆದಾಗ, ಕಂಪೆನಿಯಿಂದ ಹೊರಬಿದ್ದ ದಿನ ಹೇಗೆ ಕೂಗಿತ್ತೋ ಹಾಗೇ ಕೂಗಿತು. ಬೆನ್ನು ತಟ್ಟುವವರಿಲ್ಲದೆ ನಾನೇ ತಟ್ಟಿಕೊಂಡೆ.

ತೆಗೆದುಕೊಂಡು ಹೋದ ದಿನ ಅತ್ತೆ ಒಳ್ಳೆಯ ಸೀರೆ ಉಟ್ಟು ಕಾಯುತ್ತಿದ್ದರು.

"ಇಲ್ಲಿ ಬ್ಯಾಡ. ಗುಡ್ಡಕ್ಕೆ ಹೋಗಿ ಕೂಗ್ಸು. ನಾನು ಇಲ್ಲಿಂದ್ಲೇ ಕೇಳ್ತೀನಿ."

ಗುಡ್ಡ ಹತ್ತಿದೆ. ಉರುಳಿಬಿದ್ದಿದ್ದ ಸಿಲ್ವರ್ ಓಕ್ ಮರವೊಂದನ್ನು ಟ್ಯಾಂಕ್ ಬರಿದಾಗುವ ತನಕ ಕುಯ್ದೆ. ಅತ್ತೆಯ ಮುಖ ಈಗ ಹೇಗಿರಬಹುದು ಎಂದುಕೊಂಡು ಖುಷಿಯಲ್ಲೇ ಇಳಿದು ಬಂದೆ. ಅವರು ಇನ್ನೂ ಅಂಗಳದಲ್ಲೇ ನಿಂತಿದ್ದರು.

"ಯಾಕೋ, ಸ್ಟಾರ್ಟ್ ಆಗ್ಲಿಲ್ವಾ? ಪಕ್ಕದ ತೋಟದಲ್ಲಿ ಯಾರೋ ಕುಯ್ತಾ ಇದ್ರು. ಅವರು ನಿಲ್ಸಲಿ ಅಂತ ನೀನು ಕಾಯ್ತಿದ್ದೀಯೇನೋ ಅಂದ್ಕೊಂಡೆ."

ನನಗೆ ತಕ್ಷಣ ನೆನಪಾದದ್ದು ಆ ಎಣ್ಣೆ ಡಬ್ಬದ ತಗಡು. ಅತ್ತೆ ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದ ಕೂಗು ಕಂಪೆನಿಯದಲ್ಲ, ಆ ಸೀಳಿನದು, ಆ ತಗಡಿನದು. ಅದು ಗುಜರಿಯವನ ಲಾರಿ ಹತ್ತಿ ಎಲ್ಲಿ ಕರಗಿತ್ತೋ.

"ಸ್ಟಾರ್ಟ್ ಆಗ್ಲಿಲ್ಲ ಅತ್ತೆ," ಎಂದುಬಿಟ್ಟೆ.

"ಹೋಗ್ಲಿ ಬಿಡು. ಅವರಿಗೂ ಹಂಗೇ ಸತಾಯಿಸ್ತಿತ್ತು." ನಗುತ್ತಾ ಅದರ ಮೈ ಸವರಲು ಕೈ ಇಟ್ಟವರು ಚುರುಕ್ಕೆಂದು ಹಿಂದೆ ತೆಗೆದರು. ಬೆರಳುಗಳನ್ನು ನೋಡಿಕೊಂಡರು, ನನ್ನನ್ನು ನೋಡಿದರು.

"ಸುಡ್ತಾ ಐತಲ್ಲೋ. ಹಂಗಾರೆ ಆವಾಗ ಕೇಳ್ಸಿದ್ದು ಇದೇನಾ?"

ತಲೆಯಾಡಿಸಿದೆ. ಬೈದಿದ್ದರೆ ವಾಸಿಯಿತ್ತು.

"ಚೆನ್ನಾಗಿ ಮಾಡಿದೀಯ ಕಣೋ," ಎಂದರು ಅತ್ತೆ. ಸೆರಗಿನಿಂದ ಬೆರಳು ಒರೆಸಿಕೊಂಡು, "ನೀನೇ ಇಟ್ಕೊ," ಎಂದು ಒಳಗೆ ಹೋದರು.