ಆಯಿ ಕಲಿಸದೆ ಹೋದದ್ದು

ನಾನು ಸಣ್ಣವಳಿದ್ದಾಗ ನಮ್ಮ ಮುಗದ ಹಳ್ಳಿಯಲ್ಲಿ ಪುಕ್ಕಟೆ ಕೊಟ್ಟದ್ದನ್ನು ಜನ ಎರಡು ಸಲ ತಿರುಗಿಸಿ ನೋಡುತ್ತಿದ್ದರು. ಅಂಥದ್ದರಲ್ಲಿ ಧಾರವಾಡದ ದವಾಖಾನೆಯಲ್ಲಿ ಹೆರಿಗೆ ಮಾಡಿಸುವುದನ್ನು ಪುಕ್ಕಟೆ ಕಲಿಸುತ್ತಾರಂತೆ, ಯಾವ ಜಾತಿಯ ಹೆಂಗಸಾದರೂ ಬರಬಹುದಂತೆ, ಕಲಿತವರಿಗೆ ಕೆಲಸವಂತೆ ಎಂದರೆ ಆಯಿ ನಂಬುವುದುಂಟೆ? ಆಯಿ ಎಂದರೆ ನನ್ನ ಅಜ್ಜಿ, ಊರ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು.

"ನಲವತ್ತ ವರ್ಷ ಮಾಡಿದ್ದನ್ನ ನನಗ ಕಲಸ್ತಾರಂತ. ಇದರಾಗ ಏನೋ ಐತಿ," ಎಂದಳು. ಆದರೂ ಹೊರಟಳು. ಹೋಗದಿದ್ದರೆ ಕೆಲಸ ಕಸಿದಾರು ಎಂಬ ಅಂಜಿಕೆ. ಒಂಬತ್ತು ವರ್ಷದ ನನಗೆ ಅಕ್ಷರ ಬರುತ್ತಿತ್ತು, ನನ್ನನ್ನೂ ಎಳೆದುಕೊಂಡು ಹೋದಳು. "ಕಾಗದದಾಗ ಏನ ಬರದಾರ ಓದಿ ಹೇಳು. ಹೆಬ್ಬಟ್ಟ ಆಮ್ಯಾಲ ಒತ್ತತೇನಿ."

ಕಾಗದದಲ್ಲಿ ಹೆಸರು, ಊರು ಬಿಟ್ಟರೆ ಏನೂ ಇರಲಿಲ್ಲ. ಅದರಿಂದ ಅವಳ ಸಂಶಯ ಇನ್ನೂ ಹೆಚ್ಚಾಯಿತು.

ಸುಗ್ಗಿ ಮುಗಿದ ಮೇಲೆ ಪ್ರತಿ ಮಂಗಳವಾರ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ದವಾಖಾನೆಯಲ್ಲಿ ಬಿಚ್ಚಿದರೆ ರೊಟ್ಟಿಯೂ ಫಿನಾಯಿಲ್ ನಾರುತ್ತಿತ್ತು. ನಾನು ಮೆಟ್ಟಿಲ ಮೇಲೆ ಗಜಗದ ಕಾಯಿ ತೂರಿ ಹಿಡಿದು ಆಡುತ್ತ ಒಂದು ಕಿವಿ ಒಳಗಿಟ್ಟಿರುತ್ತಿದ್ದೆ. ಮೊದಲ ದಿನವೇ ಕಲಿಸುವ ನರ್ಸಬಾಯಿ ಆಯಿಯ ಕೈ ಮೂಸಿ, ಮುಖ ಸಿಂಡರಿಸಿ, ಮೂರು ಸಲ ತೊಳೆಸಿದ್ದಳು. ಅನುಮಾನ ಆಯಿ ಒಬ್ಬಳಿಗೇ ಇರಲಿಲ್ಲ.

ಒಂದು ದಿನ ನರ್ಸಬಾಯಿ ಚಿಂದಿಯ ಗೊಂಬೆಯನ್ನು ಬುಟ್ಟಿಯಲ್ಲಿ ಅಡ್ಡ ಮಲಗಿಸಿ ಆಯಿಯನ್ನು ಕೇಳಿದಳು, "ಹೊಟ್ಟ್ಯಾಗ ಕೂಸು ಹಿಂಗ ಅಡ್ಡ ಇದ್ರ ಏನ ಮಾಡ್ತೀರಿ?"

"ದೇವರಿಗೆ ಕೈ ಮುಗೀತೇನ್ರಿ."

ನಾನು ಗಜಗ ಬಿಟ್ಟು ಎದ್ದೆ. ಹಿಂದಿನ ವಾರವೇ ನಮ್ಮ ಓಣಿಯಲ್ಲಿ ಆಯಿ ಔಡಲೆಣ್ಣೆ ಸವರಿ, ಹೊಟ್ಟೆಯ ಮೇಲಿಂದಲೇ ಮೆಲ್ಲಗೆ ಒತ್ತಿ, ಅಂಥ ಕೂಸನ್ನು ನೆಟ್ಟಗೆ ತಿರುಗಿಸಿದ್ದಳು. ತಾಯಿ, ಕೂಸು ಇಬ್ಬರೂ ಉಳಿದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ಕಣ್ಣು ಕೆಕ್ಕರಿಸಿದಳು.

ಚಕ್ಕಡಿಯಲ್ಲಿ ಕೇಳಿದೆ, "ಯಾಕಬೇ ಆಯಿ, ಬರೂದಿಲ್ಲಂದಿ?"

"ಎಲ್ಲಾರಿಗೂ ಕಲಿಸಿದ ಮ್ಯಾಲ ನನ್ನ ಯಾರ ಕರೀತಾರ?"

"ನನಗರೆ ಕಲಸಬೇ."

"ಮೊದ್ಲ ನಿನ್ನ ಕೈ ದೊಡ್ಡು ಆಗ್ಲಿ. ಸಾಲಿ ಹುಡುಗ್ಯಾರ ಬಾಯಿ ಬಿಗಿ ಇರೂದಿಲ್ಲ."

ಕೊನೆಗೆ ಆಯಿಗೆ ಕತ್ತರಿ, ಸಾಬೂನು ಇದ್ದ ತಗಡಿನ ಪೆಟ್ಟಿಗೆ ಸಿಕ್ಕಿತು. ಆ ಕತ್ತರಿಯನ್ನು ಕುದಿಸದೆ ಅವಳೆಂದೂ ಹೊಕ್ಕಳಬಳ್ಳಿಗೆ ಹಚ್ಚಲಿಲ್ಲ. ಊರಲ್ಲಿ ಎಳೆಗೂಸುಗಳು ಸಾಯುವುದು ಕಡಿಮೆಯಾಯಿತು. ಅದನ್ನು ಮಾತ್ರ ಆಯಿ ಬಾಯಿಬಿಟ್ಟು ಒಪ್ಪಲಿಲ್ಲ.

ಮುಂದೆ ಅದೇ ದವಾಖಾನೆಯಲ್ಲಿ ನಾನೂ ಕಲಿತೆ, ಹುಬ್ಬಳ್ಳಿ ಕಡೆಯ ಹಳ್ಳಿಯೊಂದರಲ್ಲಿ ನೌಕರಿ ಹಿಡಿದೆ. ನಮ್ಮಂಥವರ ಮನೆಯ ಹುಡುಗಿಗೆ ಅದು ಸಣ್ಣ ಮಾತಾಗಿರಲಿಲ್ಲ. ಆದರೆ ಕೂಸು ಅಡ್ಡ ಬಂದಾಗಲೆಲ್ಲ ಹುಬ್ಬಳ್ಳಿಗೆ ಗಾಡಿ ಕಟ್ಟಿಸಬೇಕಾಗುತ್ತಿತ್ತು. ಎಲ್ಲರೂ ಜೀವಂತ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಂಥ ದಿನ ನನ್ನ ಕೈಗಳನ್ನು ನೋಡಿಕೊಂಡು ಆಯಿಯ ಮೇಲೆ ಸಿಟ್ಟಿಗೇಳುತ್ತಿದ್ದೆ, ಆಮೇಲೆ ಆ ನರ್ಸಬಾಯಿಯ ಮೇಲೆ. ಆಕೆ ಒಂದು ಸಲ ಮರ್ಯಾದೆಯಿಂದ ಕೇಳಿದ್ದರೆ ಆಯಿ ಹೇಳುತ್ತಿದ್ದಳೋ ಏನೋ. ಈಗ ಆ ವಿದ್ಯೆ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಆಯಿ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಕೇಳಿದ್ದೆ, "ಈಗರೆ ತೋರಸಬೇ ಆಯಿ."

ಅವಳು ನನ್ನ ನೌಕರಿಯ ಬಿಳಿ ಸೀರೆಯನ್ನೇ ನೋಡಿದಳು. ಕೈಗಳನ್ನು ಕೌದಿಯೊಳಗೆ ಎಳೆದುಕೊಂಡಳು.

"ಯಾರ ಕಳಿಸ್ಯಾರ ನಿನ್ನ?" ಎಂದಳು.