ಬ್ಯಾಟರಿ ಬಸಿದು ನೋಡುವ ಉಸ್ಮಾನ್

ಬೆಳಗ್ಗೆ ಆರು ಗಂಟೆ. ಕಡಬದಿಂದ ಪಂಜದ ಕಡೆಗೆ ಹೋಗುವ ರಸ್ತೆ ಬದಿಯ ಸಣ್ಣ ಅಂಗಡಿಯೊಂದರ ಮುಂದೆ ಐದಾರು ಮಂದಿ ನಿಂತಿದ್ದಾರೆ. ಎಲ್ಲರ ಬಟ್ಟೆಯಲ್ಲೂ ರಬ್ಬರ್ ಹಾಲಿನ ಹುಳಿ ವಾಸನೆ. ಕತ್ತಲಲ್ಲೇ ತೋಟ ಹೊಕ್ಕು ಮರಗಳಿಗೆ ಗೀರು ಹಾಕಿ ಬಂದ ಟ್ಯಾಪರುಗಳು ಇವರು. ಹಾಲು ಇಳಿದು ಮರಕ್ಕೆ ಕಟ್ಟಿದ ಚಿಪ್ಪು ತುಂಬಲು ಇನ್ನೂ ಎರಡು ಮೂರು ಗಂಟೆ ಬೇಕು. ಆ ಬಿಡುವಿನಲ್ಲಿ ಪಕ್ಕದ ಹೋಟೆಲಿನಲ್ಲಿ ಚಹಾ, ಇಲ್ಲಿ ಬ್ಯಾಟರಿ.

ಒಳಗೆ ಮೇಜಿನ ಮೇಲೆ ಬ್ಯಾಟರಿ ಕೂರಿಸುವ ನಾಲ್ಕು ಹೊಂಡಗಳ ಕಪ್ಪು ಯಂತ್ರವೊಂದಿದೆ. ಅದರ ಮುಂದೆ ಕುಳಿತ ಉಸ್ಮಾನ್ ಹಣೆಗೆ ಕಟ್ಟುವ ಹೆಡ್‌ಲೈಟುಗಳ ಹಿಂಬದಿ ಬಿಚ್ಚಿ, ಹೆಬ್ಬೆರಳಿನ ದಪ್ಪದ ಲಿಥಿಯಂ ಬ್ಯಾಟರಿಗಳನ್ನು ಹೊರತೆಗೆಯುತ್ತಾರೆ. ಒಂದೊಂದನ್ನೂ ಬಟ್ಟೆಯಲ್ಲಿ ಒರಸಿ, ತಿರುಗಿಸಿ ನೋಡುತ್ತಾರೆ. ಹೊದಿಕೆ ಹರಿದದ್ದು, ಮೈ ಉಬ್ಬಿದ್ದು, ಬೆಂಕಿ ಹತ್ತಿದರೂ ಹರಡದಂತೆ, ನೇರ ಮರಳಿನ ಬಕೆಟಿಗೆ ಹೋಗುತ್ತದೆ.

"ಕಾಕ, ಅದನ್ನು ಬಿಸಾಡ್ಬೇಡಿ. ಚಂದ ಉರೀತದೆ. ನಿನ್ನೆ ಗೋಡೆಗೆ ಬೆಳಕು ಬಿಟ್ಟು ನೋಡಿದ್ದೇನೆ," ಎನ್ನುತ್ತಾರೆ ಟ್ಯಾಪರ್ ಶ್ಯಾಮ.

"ಗೋಡೆಗೆ ಬಿಟ್ಟರೆ ಎಂತ ಗೊತ್ತಾಗ್ತದೆ ಮಾರಾಯ? ಗೋಡೆ ನಿನ್ನನ್ನು ಓಡಿಸಿಕೊಂಡು ಬರ್ತದಾ?"

ಸುತ್ತಲಿದ್ದವರು ನಗುತ್ತಾರೆ. ಶ್ಯಾಮ ನಗುವುದಿಲ್ಲ. ಈ ವಾರ ಅವರು ಕೆಲಸ ಮಾಡುವ ತೋಟದ ಬೇಲಿಯನ್ನು ಕಾಡಾನೆ ದಾಟಿದೆ. ಬಕೆಟಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಉಸ್ಮಾನ್ ಮೂಲತಃ ಕುಂಬ್ರದವರು. ಉಪ್ಪಿನಂಗಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದರು. ಒಂದು ಮಳೆಗಾಲದಲ್ಲಿ ಹೊಳೆ ನೀರು ಅಂಗಡಿಯೊಳಗೆ ಎದೆಮಟ್ಟ ನಿಂತಿತು. ನೀರು ಇಳಿದ ಮೇಲೆ ಕೆಸರಿನಿಂದ ತೊಳೆದು ತೆಗೆಯಲು ಉಳಿದದ್ದು ಒಂದು ಬೆಸುಗೆ ಕಡ್ಡಿ, ಒಂದು ಮೀಟರ್. ಹೆಂಡತಿ ಬೀಬಿಯ ತವರು ಈ ಕಡೆ. ಹಾಗಾಗಿ ಇಲ್ಲಿಗೆ ಬಂದರು. ಸುತ್ತಲೂ ರಬ್ಬರ್ ತೋಟ, ತೋಟ ಮುಗಿದಲ್ಲಿ ಕಾಡು. ಮೊಬೈಲಿಗಿಂತ ಹೆಚ್ಚು ಹೆಡ್‌ಲೈಟುಗಳೇ ರಿಪೇರಿಗೆ ಬರತೊಡಗಿದವು.

ಹೆಡ್‌ಲೈಟ್ ಟ್ಯಾಪರನ ಅರ್ಧ ಉಪಕರಣ. ಕೈಯಲ್ಲಿ ಚೂರಿ, ಹಣೆಯಲ್ಲಿ ಬೆಳಕು. ಬಿಸಿಲೇರುವ ಮೊದಲು ಗೀರಿದರೆ ಹಾಲು ಹೆಚ್ಚು, ಆದ್ದರಿಂದ ಕೆಲಸ ಕತ್ತಲಲ್ಲೇ ಶುರುವಾಗಬೇಕು. ಹಿಂದೆ ಒಣ ಸೆಲ್ಲಿನ ಟಾರ್ಚ್ ಇತ್ತು. ಅದರ ಬೆಳಕು ಹಳದಿಯಾಗಿ, ಕೆಂಪಾಗಿ, ಸಣ್ಣದಾಗಿ ಆರುತ್ತಿತ್ತು. ಮನೆಗೆ ಮರಳಲು ಹೊತ್ತು ಸಿಗುತ್ತಿತ್ತು.

"ಹಳೆಯದು ಹೇಳಿ ಸಾಯ್ತಿತ್ತು, ಇದು ಹೇಳದೆ ಸಾಯುದು," ಎನ್ನುತ್ತಾರೆ ಉಸ್ಮಾನ್. "ಕೊನೆಯವರೆಗೂ ಬೆಳ್ಳಗೆ ಉರೀತದೆ. ಮತ್ತೆ ಟಪ್ಪ ಅಂತ ಕತ್ತಲೆ."

ಎರಡು ವರ್ಷದ ಹಿಂದಿನ ಸೆಪ್ಟೆಂಬರ್. ಮಳೆ ಹಿಂದೆ ಸರಿದು ಟ್ಯಾಪಿಂಗ್ ಮತ್ತೆ ಆರಂಭವಾದ ಮೊದಲ ವಾರ. ಕಾಡಂಚಿನ ತೋಟವೊಂದರಲ್ಲಿ ಟ್ಯಾಪರ್ ಶೀನಪ್ಪ ಆನೆಯ ತುಳಿತಕ್ಕೆ ಸಿಕ್ಕಿ ಸತ್ತರು. ಅವರ ಹೆಡ್‌ಲೈಟ್ ಪಕ್ಕದಲ್ಲೇ ಚಪ್ಪಟೆಯಾಗಿ ಬಿದ್ದಿತ್ತು. ಸ್ವಿಚ್ ಹಾಕಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಬ್ಯಾಟರಿ ಮಾತ್ರ ಹಾರಿ ತರಗೆಲೆಯ ಮೇಲೆ ಬಿದ್ದು ಉಳಿದಿತ್ತು.

ಆ ಬ್ಯಾಟರಿಯನ್ನು ಯಾರೋ ಚಾರ್ಜ್ ಮಾಡಿ ಕಿಸೆಯಲ್ಲಿಡುವ ಪುಟ್ಟ ಟಾರ್ಚಿಗೆ ಹಾಕಿ ನೋಡಿದರು. ಸಂಜೆಯಿಡೀ ಉರಿಯಿತು. ಪೇಟೆಯ ಮೊಬೈಲ್ ಅಂಗಡಿಯ ಯಂತ್ರಕ್ಕೆ ಹಿಡಿದರು. ನಿಮಿಷದೊಳಗೆ ಹಸಿರು ದೀಪ ಬಂತು. ಬ್ಯಾಟರಿ ಸರಿ ಇದ್ದ ಮೇಲೆ ತಪ್ಪು ಯಾರದ್ದು? ಶೀನಪ್ಪ ಕುಡಿದಿದ್ದರು, ಲೈಟ್ ಹಾಕದೆ ಆನೆಯ ಕಾಲಡಿಗೆ ನಡೆದರು ಎಂಬ ಮಾತು ಹೋಟೆಲಿನಿಂದ ಹೋಟೆಲಿಗೆ ಹೋಯಿತು. ಮಗಳು ಪೂಜಿತಾ ಶಾಲೆಯಲ್ಲೂ ಅದನ್ನೇ ಕೇಳಿಸಿಕೊಂಡಳು.

ಉತ್ತರಕ್ರಿಯೆ ಮುಗಿದ ಮೇಲೆ ಶೀನಪ್ಪನವರ ಹೆಂಡತಿ ಗೋದಾವರಿ ಬ್ಯಾಟರಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಈ ಅಂಗಡಿಗೆ ಬಂದರು. "ಅವರು ಬಾಯಿಗೆ ಹಾಕ್ತಿದ್ದದ್ದು ಹೌದು ಕಾಕ. ಆದರೆ ಚೂರಿ ಹಿಡಿಯುವ ದಿನ ಮುಟ್ಟುದಿಲ್ಲ. ಇದಕ್ಕೆ ಎಂತ ಆದದ್ದು ಅಂತ ನೋಡಿ ಕೊಡಿ" ಎಂದರು.

ಉಸ್ಮಾನರ ಬಳಿ ಆಗ ಇದ್ದದ್ದು ಮೀಟರ್ ಮಾತ್ರ. ಅದರಲ್ಲೂ ವೋಲ್ಟೇಜ್ ಪೂರ್ತಿ ತೋರಿಸಿತು. ಆದರೂ ಅವರಿಗೆ ಸಮಾಧಾನವಾಗಲಿಲ್ಲ. "ವೋಲ್ಟೇಜ್ ನೋಡುದೆಂದರೆ ಕೊಡದ ಬಾಯಿ ನೋಡಿದ ಹಾಗೆ. ನೀರು ಬಾಯಿವರೆಗೆ ಉಂಟು, ಸರಿ. ಅಡಿಯಲ್ಲಿ ಅರ್ಧ ಹೂಳು ತುಂಬಿದ್ದರೆ? ಬಸಿದು ನೋಡದೆ ಗೊತ್ತಾಗುದಿಲ್ಲ."

ಬಸಿದು ನೋಡುವ ಯಂತ್ರದ ಹುಡುಕಾಟಕ್ಕೆ ಒಂದು ತಿಂಗಳು ಹಿಡಿಯಿತು. ಆಯ್ಕೆ ಸುಲಭವಿರಲಿಲ್ಲ. ಎಂಟು ಹೊಂಡಗಳ ಚಾರ್ಜರ್ ಒಂದು ಮಂಗಳೂರಿನಲ್ಲಿ ಸಿಗುತ್ತಿತ್ತು. ಬ್ಯಾಟರಿಯನ್ನು ಖಾಲಿ ಮಾಡಿ ಅದರಲ್ಲಿ ಎಷ್ಟಿತ್ತೆಂದು ಅದೂ ಲೆಕ್ಕ ಕೊಡುತ್ತಿತ್ತು. ಆದರೆ ತೀರಾ ನಿಧಾನವಾಗಿ, ಸಣ್ಣ ಕರೆಂಟಿನಲ್ಲಿ ಮಾತ್ರ ಖಾಲಿ ಮಾಡುತ್ತಿತ್ತು. ಉಸ್ಮಾನ್ ಶೀನಪ್ಪನವರದ್ದೇ ಮಾದರಿಯ ಹೆಡ್‌ಲೈಟ್ ಒಂದನ್ನು ಶ್ಯಾಮರಿಂದ ಎರವಲು ತಂದು, ಪೂರ್ತಿ ಬೆಳಕಿನಲ್ಲಿ ಅದು ಎಷ್ಟು ಕರೆಂಟ್ ಎಳೆಯುತ್ತದೆಂದು ಅಳೆದರು. ಒಂದೂವರೆ ಆಂಪ್. ಎಂಟು ಹೊಂಡದ ಯಂತ್ರ ಎಳೆಯುತ್ತಿದ್ದದ್ದು ಅದರ ಮೂರರಲ್ಲೊಂದು ಪಾಲು. ಮುದಿಯಾದ ಬ್ಯಾಟರಿ ಸಣ್ಣ ಹೊರೆಯನ್ನು ಎಷ್ಟು ಹೊತ್ತಾದರೂ ಹೊರುತ್ತದೆ, ದೊಡ್ಡ ಹೊರೆ ಬಿದ್ದಾಗ ಕುಸಿಯುತ್ತದೆ. ಪುಟ್ಟ ಟಾರ್ಚ್ ಸಂಜೆಯಿಡೀ ಉರಿದದ್ದು ಅದಕ್ಕೇ.

ಕೊನೆಗೆ ತರಿಸಿದ್ದು ಈಗ ಮೇಜಿನ ಮೇಲಿರುವ ಯಂತ್ರ. ಹೊಂಡ ನಾಲ್ಕೇ. ಆದರೆ ಎಷ್ಟು ಕರೆಂಟ್ ಎಳೆಯಬೇಕು, ಯಾವ ವೋಲ್ಟೇಜಿಗೆ ನಿಲ್ಲಿಸಬೇಕು ಎಂಬುದನ್ನು ಹೆಡ್‌ಲೈಟಿಗೆ ಸರಿಯಾಗಿ ಹೊಂದಿಸಬಹುದು. ಕರೆಂಟ್ ಎಳೆಯುವ ತಂತಿಯೇ ಬೇರೆ, ವೋಲ್ಟೇಜ್ ಅಳೆಯುವ ತಂತಿಯೇ ಬೇರೆ. ಒಂದೇ ತಂತಿಯಾದರೆ ಅದರಲ್ಲೇ ಆಗುವ ನಷ್ಟವೂ ಬ್ಯಾಟರಿಯ ತಲೆಗೆ ಬರುತ್ತದೆ. ಬ್ಯಾಟರಿ ಬಿಸಿಯಾದರೆ ಯಂತ್ರ ತಾನಾಗಿ ನಿಲ್ಲುತ್ತದೆ.

ಯಂತ್ರ ಬಂದ ದಿನ ಬೀಬಿ ಬಾಗಿಲಲ್ಲೇ ನಿಂತು ಕೇಳಿದ್ದರಂತೆ: "ನಿಮ್ಮ ಶುಗರ್ ಟೆಸ್ಟ್ ಮಾಡ್ಲಿಕ್ಕೆ ಪುತ್ತೂರಿಗೆ ಹೋಗಿ ಅಂದ್ರೆ ಪುರುಸೊತ್ತಿಲ್ಲ. ಬ್ಯಾಟರಿಯ ಟೆಸ್ಟಿಗೆ ಯಂತ್ರ ಮನೆಗೇ ಬಂತಾ?"

ಶೀನಪ್ಪನವರ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಹಗಲು ಹೊತ್ತಿನಲ್ಲಿ, ಹೋಟೆಲಿನಲ್ಲಿ ಕುಳಿತವರನ್ನೆಲ್ಲ ಕರೆದು ಯಂತ್ರಕ್ಕೆ ಹಾಕಿದರು. ಗೋದಾವರಿ ಬೆಂಚಿನ ತುದಿಯಲ್ಲಿದ್ದರು. ಇಪ್ಪತ್ತು ನಿಮಿಷಕ್ಕೆ ಯಂತ್ರ ಕೂಗಿ ನಿಂತಿತು. ಇರಬೇಕಾದ ಶಕ್ತಿಯ ಐದರಲ್ಲೊಂದು ಪಾಲೂ ಅದರಲ್ಲಿರಲಿಲ್ಲ.

ಆಗ ಮಾತಾಡಿದ್ದು ಶ್ಯಾಮ. ಆ ದಿನ ಶವ ಎತ್ತಲು ಹೋದವರಲ್ಲಿ ಅವರೂ ಇದ್ದರು. ಶೀನಪ್ಪ ಬಿದ್ದ ಜಾಗದವರೆಗೆ ಹಾಲು ಇಳಿದಿದ್ದ ಮರಗಳು ಮೂವತ್ತೋ ಮೂವತ್ತೈದೋ. ಕೈಪಳಗಿದ ಟ್ಯಾಪರನಿಗೆ ಅದು ಇಪ್ಪತ್ತು ನಿಮಿಷದ ಕೆಲಸ. "ಎಲ್ಲ ಗೀರೂ ನೂಲು ಹಿಡಿದ ಹಾಗೆ ಇತ್ತು. ಕುಡಿದವನ ಕೈ ಅಲ್ಲ ಅದು. ಕತ್ತಲಲ್ಲಿ ಹಾಕಿದ್ದೂ ಅಲ್ಲ" ಎಂದರು.

ಬೆಳಕಿದ್ದರೆ ಶೀನಪ್ಪ ಬದುಕುತ್ತಿದ್ದರೇ? ಅದನ್ನು ಯಾವ ಯಂತ್ರವೂ ಹೇಳದು. ಬೆಳಕಿದ್ದೂ ಆನೆಗೆ ಸಿಕ್ಕಿದವರು ಈ ಭಾಗದಲ್ಲಿದ್ದಾರೆ. ಹೇಳಬಹುದಾದದ್ದು ಇಷ್ಟೇ: ಲೈಟ್ ಹಾಕಿಯೇ ಕೆಲಸ ಮಾಡುತ್ತಿದ್ದರು, ಬ್ಯಾಟರಿ ಹೇಳದೆ ಸತ್ತಿತು. ಕುಡಿದಿದ್ದರು ಎಂಬ ಮಾತು ಆ ಸಂಜೆಗೆ ನಿಂತಿತು.

ಮತ್ತೊಂದು ಪ್ರಶ್ನೆ ಉಳಿದಿತ್ತು. ಒಳ್ಳೆಯ ಬ್ಯಾಟರಿ, ಕೊಂಡು ಒಂದು ವರ್ಷವಷ್ಟೇ ಆಗಿತ್ತು, ಅದು ಹೀಗೇಕಾಯಿತು? ಮಳೆಗಾಲದಲ್ಲಿ ಹೆಡ್‌ಲೈಟ್ ಎಲ್ಲಿಟ್ಟಿದ್ದಿರಿ ಎಂದು ಉಸ್ಮಾನ್ ಗೋದಾವರಿಯವರನ್ನು ಕೇಳಿದರು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತಂತೆ.

ಈ ಊರುಗಳ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಥಂಡಿ ತಾಗಬಾರದ ವಸ್ತುವಿಗೆಲ್ಲ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಮೆಣಸು, ಒಣಮೀನು, ಬೆಂಕಿಪೆಟ್ಟಿಗೆ ಅಲ್ಲಿರುತ್ತವೆ. ಟ್ಯಾಪಿಂಗ್ ಇಲ್ಲದ ತಿಂಗಳುಗಳಲ್ಲಿ ಹೆಡ್‌ಲೈಟೂ ಅಲ್ಲಿಗೇ ಏರುತ್ತದೆ. ಲಿಥಿಯಂ ಬ್ಯಾಟರಿಗೆ ಥಂಡಿಗಿಂತ ಶಾಖವೇ ದೊಡ್ಡ ಶತ್ರು. ಮೂರು ತಿಂಗಳು ಒಲೆಯ ಬಿಸಿ ಕುಡಿದ ಬ್ಯಾಟರಿ ಒಳಗೊಳಗೇ ಸಾಯುತ್ತದೆ. ಕೆಳಗಿಳಿಸಿ ಗೋಡೆಗೆ ಬಿಟ್ಟರೆ ಮಾತ್ರ ಬೆಳ್ಳಗೆ ಉರಿಯುತ್ತದೆ.

"ಅಟ್ಟದಲ್ಲಿ ಇಟ್ಟದ್ದು ನಾನು," ಎನ್ನುತ್ತಾರೆ ಗೋದಾವರಿ. ಧ್ವನಿ ಏರುವುದಿಲ್ಲ, ಇಳಿಯುವುದೂ ಇಲ್ಲ. "ಹಾಳಾಗಬಾರದು ಅಂತ ಬಟ್ಟೆ ಸುತ್ತಿ ಇಟ್ಟದ್ದು. ಅದನ್ನೂ ಬರೀರಿ. ಎಷ್ಟು ಮನೆಯ ಅಟ್ಟದಲ್ಲಿ ಇನ್ನೂ ಉಂಟೋ."

ಶೀನಪ್ಪನವರ ಮರಗಳು ಈಗ ಗೋದಾವರಿಯವರ ಪಾಲಿಗೆ ಬಂದಿವೆ. ಇರುವುದು ಕೆಲಸಗಾರರಿಗೆಂದು ತೋಟದವರು ಕೊಟ್ಟ ಲೈನು ಮನೆಯಲ್ಲಿ, ಅಲ್ಲಿರಬೇಕಾದರೆ ಮನೆಯಿಂದ ಒಬ್ಬರು ಚೂರಿ ಹಿಡಿಯಲೇಬೇಕು. ಟ್ಯಾಪಿಂಗ್‌ನಲ್ಲಿ ಹಿಂದಿನವರ ಗೀರು ನಿಂತಲ್ಲಿಂದಲೇ ಮುಂದಿನವರು ಕೆತ್ತುತ್ತಾ ಕೆಳಗಿಳಿಯಬೇಕು. "ಮೊದಲ ದಿನ ಅವರ ಗೀರಿನ ಮೇಲೆ ಚೂರಿ ಇಡ್ಲಿಕ್ಕೆ ಕೈ ಬರ್ಲಿಲ್ಲ. ಮೇಸ್ತ್ರಿ ಬೈದರು. ಮತ್ತೆ ಇಟ್ಟೆ." ಆ ಮೂವತ್ತು ಚಿಲ್ಲರೆ ಮರಗಳನ್ನು ದಾಟುವವರೆಗೆ ಈಗಲೂ ಗಟ್ಟಿಯಾಗಿ ಕೆಮ್ಮುತ್ತಾ ಹೋಗುತ್ತಾರೆ, ಆನೆಗೆ ಕೇಳಲೆಂದು.

ಪ್ರತಿ ಭಾನುವಾರ ಅವರ ಎರಡು ಬ್ಯಾಟರಿಗಳು ಈ ಮೇಜಿಗೆ ಬರುತ್ತವೆ. ಚಾರ್ಜ್ ಮಾಡಿ, ಬಸಿದು, ಮತ್ತೆ ಚಾರ್ಜ್ ಮಾಡಲು ಒಂದು ಸುತ್ತಿಗೆ ಇಡೀ ಹಗಲು ಬೇಕು. ನಾಲ್ಕು ಹೊಂಡದಲ್ಲಿ ದಿನಕ್ಕೆ ನಾಲ್ಕೇ ಬ್ಯಾಟರಿ. ಕಾಯುವವರು ಅದಕ್ಕಿಂತ ಬಹಳ ಹೆಚ್ಚು. ಬ್ಯಾಟರಿ ಬಿಟ್ಟು ಹೋದವರಿಗೆ ತಾವು ಪರೀಕ್ಷಿಸಿಟ್ಟ ಬ್ಯಾಟರಿಯನ್ನು ಉಸ್ಮಾನ್ ಎರವಲು ಕೊಡುತ್ತಾರೆ. ಬೇಗ ಮಾಡಿ ಎಂದು ಒತ್ತಾಯಿಸುವವರಿದ್ದಾರೆ, ಒಂದೇ ನಿಮಿಷದ ಯಂತ್ರವಿರುವ ಅಂಗಡಿಗೆ ಹೋಗುವವರೂ ಇದ್ದಾರೆ. ಹೋದವರನ್ನು ಅವರು ಬೈಯುವುದಿಲ್ಲ, ಹೋಗದಂತೆ ತಡೆಯಲೂ ಆಗುವುದಿಲ್ಲ.

ನಿನ್ನೆ ಬಸಿದು ನೋಡಿದಾಗ ಗೋದಾವರಿಯವರ ಎರಡರಲ್ಲಿ ಒಂದು ಬ್ಯಾಟರಿ ಸೋತಿದೆ. ಉಸ್ಮಾನ್ ಅದನ್ನು ಮರಳಿಗೆ ಹಾಕಿ, ಬೇರೆ ಒಂದಕ್ಕೆ ತಾರೀಕು ಬರೆದು ಹೆಡ್‌ಲೈಟಿಗೆ ಸೇರಿಸುತ್ತಾರೆ. ಆನೆ ತಡೆಯಲು ಕಂದಕ ಬರುತ್ತದೆ, ಬೇಲಿ ಬರುತ್ತದೆ ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿದೆ. "ನನಗೆ ದೊಡ್ಡದು ಎಂತದ್ದೂ ಬೇಡ. ಇಂಥದ್ದೇ ಇನ್ನೊಂದು ಯಂತ್ರ ಇದ್ದರೆ ಮಳೆ ಬಿಟ್ಟ ವಾರದಲ್ಲೇ ಎಲ್ಲರದ್ದೂ ಬಸಿದು ಮುಗಿಸ್ಬಹುದು. ಆ ಮೊದಲ ವಾರ ಉಂಟಲ್ಲ, ಆಗ ನನಗೆ ನಿದ್ರೆ ಇಲ್ಲ."

ಹೆಡ್‌ಲೈಟ್ ಮರಳಿ ಕೊಡುವಾಗ ಅವರದ್ದೊಂದು ಪದ್ಧತಿ ಇದೆ. ಯಾರಿಗೇ ಆಗಲಿ, ಕೈಗೆ ಕೊಡುವ ಮೊದಲು "ಮನೆಯಲ್ಲಿ ಎಲ್ಲಿ ಇಡುದು?" ಎಂದು ಕೇಳುತ್ತಾರೆ. ಸರಿಯಾದ ಉತ್ತರ ಬಂದ ಮೇಲೆಯೇ ಕೈ ಬಿಡುತ್ತಾರೆ. ಶ್ಯಾಮರನ್ನೂ ಈಗಷ್ಟೇ ಕೇಳಿದರು. ಗೋದಾವರಿಯವರನ್ನು ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಇಂದೂ ಕೇಳದೆ, ಮುಖ ನೋಡದೆ, ಹೆಡ್‌ಲೈಟನ್ನು ಮೇಜಿನ ಮೇಲಿಂದ ಅವರತ್ತ ಸರಿಸುತ್ತಾರೆ.

ಗೋದಾವರಿ ಅದನ್ನು ಎತ್ತಿಕೊಂಡು ಪಟ್ಟಿಯನ್ನು ಕೈಗೆ ಸುತ್ತುತ್ತಾರೆ. ಚಿಪ್ಪುಗಳು ತುಂಬಿರುವ ಹೊತ್ತಾಯಿತು. ಎರಡು ಹೆಜ್ಜೆ ಇಟ್ಟವರು ನಿಲ್ಲುತ್ತಾರೆ.

"ಬಾಗಿಲ ಹತ್ತಿರದ ಮೊಳೆಗೆ, ಕಾಕ," ಎನ್ನುತ್ತಾರೆ. "ಒಲೆಯಿಂದ ದೂರ ಉಂಟು."